ಗುಣಿತ ಸರಿ, ಅಕ್ಷರ ತಪ್ಪು: ನಾಲ್ಕನೇ ತರಗತಿಯ ಒಂದು ಪ್ರಕರಣ

2022ರ ಆಗಸ್ಟ್. ನಾಲ್ಕನೇ ತರಗತಿಗೆ ಉಕ್ತಲೇಖನ ಕೊಟ್ಟಿದ್ದೆ. ಹತ್ತು ಪದ: ಕಪ್ಪು, ಗಾಳಿ, ಮೂರು, ಸೇರು, ಬಾರಿ, ಕಡೆ, ಸಾಕು, ಎಲೆ, ಅಣ್ಣ, ರಾಗಿ.

ಒಬ್ಬ ಹುಡುಗಿ ಬರೆದದ್ದು: ತಪ್ಪು, ದಾಳಿ, ನೂರು, ಏರು, ದಾರಿ, ತಡೆ, ಹಾಕು, ಎಲೆ, ಅಣ್ಣ, ರಾಗಿ.

ಹತ್ತಕ್ಕೆ ಮೂರು. ಅವಳು ಬರೆದ 'ತಪ್ಪು' ಎಂಬ ಪದದ ಪಕ್ಕ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ ಮುಂದಿನ ಪುಸ್ತಕ ತೆಗೆದುಕೊಂಡೆ. ಬೇಕಾದದ್ದೆಲ್ಲ ಆ ಪುಟದಲ್ಲೇ ಇತ್ತು. ನನಗೆ ಅದು ಕಾಣಲು ಇನ್ನೂ ಒಂದು ತಿಂಗಳು ಹಿಡಿಯಿತು.

ಹುಣಸೂರು ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರಿನ ಹೆಸರು ಬೇಡ, ಹುಡುಗಿಯ ಹೆಸರೂ ಬೇಡ. ಪುಟ್ಟಿ ಎನ್ನುತ್ತೇನೆ. ನಮ್ಮ ಕಡೆ ಮನೆಗೊಬ್ಬಳು ಪುಟ್ಟಿ ಇದ್ದೇ ಇರುತ್ತಾಳೆ. ಒಂಬತ್ತು ವರ್ಷ. ಅಪ್ಪ ಅಮ್ಮ ಹೊಗೆಸೊಪ್ಪು ಬೆಳೆಯುವವರು, ಮನೆಯಲ್ಲಿ ಅಜ್ಜಿ, ಒಬ್ಬ ತಮ್ಮ. ಜಗಳವಾಡದ, ಎದ್ದು ಓಡಾಡದ, ಮೂಲೆ ಹಿಡಿದು ಕೂರುವ ಹುಡುಗಿ. ಇಂಥ ಮಕ್ಕಳ ಕಡೆ ನಮ್ಮ ಗಮನ ಹೋಗುವುದೇ ಕಡಿಮೆ. ಗಲಾಟೆ ಮಾಡುವವರನ್ನು ಸುಮ್ಮನಿರಿಸುವುದರಲ್ಲೇ ದಿನ ಮುಗಿಯುತ್ತದೆ, ಅಲ್ವಾ?

ಪುಟ್ಟಿಯ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮೈಗಳ್ಳಿ ಅಂದುಕೊಂಡಿದ್ದೆ. ಬೋರ್ಡ್ ನೋಡಿ ಬರೆ ಅಂದರೆ ಮುತ್ತಿನಂಥ ಅಕ್ಷರ, ಒಂದು ಕೊಂಬು ತಪ್ಪುವುದಿಲ್ಲ. ಹೇಳಿದ್ದನ್ನು ಬರೆ ಅಂದರೆ ಹೀಗೆ. ಗೊತ್ತಿದ್ದೂ ಗಮನ ಕೊಡುತ್ತಿಲ್ಲ ಎಂದು ಒಂದೆರಡು ಸಲ ನಿಲ್ಲಿಸಿಯೂ ಇದ್ದೆ. "ಗೊತ್ತಾಯ್ತಾ?" ಅಂದರೆ ತಲೆಯಾಡಿಸುತ್ತಿದ್ದಳು. "ಏನು ಹೇಳಿದೆ, ಹೇಳು ನೋಡೋಣ" ಅಂದರೆ ನೆಲ ನೋಡುತ್ತಿದ್ದಳು.

ಪೋಷಕರ ಸಭೆಗೆ ಅವಳ ಅಪ್ಪ ಬಂದಿದ್ದರು. "ನಮ್ ಮಾತೇ ಕೇಳಾಕಿಲ್ಲ ಮೇಡಂ. ಹತ್ತ್ ಸಲ ಕೂಗ್ಬೇಕು. ಟಿವಿ ಮಾತ್ರ ಊರಿಗೆಲ್ಲ ಕೇಳಂಗೆ ಮಡಿಕತಾಳೆ" ಎಂದರು. ನಾನೂ ಅವರ ಜೊತೆ ತಲೆಯಾಡಿಸಿದೆ. ಕನ್ನಡದಲ್ಲಿ ಕೇಳುವುದು ಅಂದರೆ ಸದ್ದು ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ಇವಳು ಪ್ರಶ್ನೆ ಹಾಕುವುದಿಲ್ಲ, ಹೇಳಿದಂತೆ ನಡೆಯುವುದಿಲ್ಲ ಎಂದು ಇಬ್ಬರೂ ದೂರಿದೆವು. ಮೊದಲನೆಯ ಅರ್ಥದ ಕಡೆಗೆ ಇಬ್ಬರಿಗೂ ಯೋಚನೆ ಹೋಗಲಿಲ್ಲ.

ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಹೇಗೆ

ಇದನ್ನು ಆಮೇಲೆ ಕೂತು ಯೋಚಿಸಿದೆ. ಪುಟ್ಟಿ ಒಂದನೇ ತರಗತಿಗೆ ಸೇರಿದ್ದು 2019ರಲ್ಲಿ. ಆಗ ನಲಿಕಲಿ. ಇದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಅದು. ಮಕ್ಕಳು 'ತಟ್ಟೆ' ಅನ್ನುವ ಐದು ಗುಂಪುಗಳಲ್ಲಿ ಕೂರುತ್ತಾರೆ, ಶಿಕ್ಷಕರೂ ಅವರ ಜೊತೆ ನೆಲದ ಮೇಲೆ ಕೂರುತ್ತಾರೆ. ಕೈಯಲ್ಲಿ ಕಾರ್ಡು, ಕಾರ್ಡಿನ ಮೇಲೆ ಚಿತ್ರ, ಎದುರಿಗೆ ಮಿಸ್ಸಿನ ಮುಖ ಒಂದು ಮೊಳ ದೂರದಲ್ಲಿ. ಕಿವಿ ಸ್ವಲ್ಪ ಮಂದ ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ತರಗತಿ ಬೇಕಿಲ್ಲ. ಅವಳು ಅಲ್ಲಿ ಚೆನ್ನಾಗಿಯೇ ಕಲಿತಳು. ಅವಳ ದುಂಡಗಿನ ಅಕ್ಷರ ಆ ವರ್ಷದ್ದು.

ಆಮೇಲೆ ಕೊರೊನಾ. ಎರಡನೇ ತರಗತಿ ಮನೆಯಲ್ಲೇ ಹೋಯಿತು. ಮೂರನೇ ತರಗತಿಗೆ ಶಾಲೆ ತೆರೆಯುವ ಹೊತ್ತಿಗೆ 2021ರ ಅಕ್ಟೋಬರ್ ಕೊನೆ. ಎಲ್ಲರ ಮುಖಕ್ಕೂ ಮಾಸ್ಕು, ನನ್ನದಕ್ಕೂ. ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಅದೊಂದು ಗೋಡೆ. 2022ರ ಮೇನಲ್ಲಿ ನಾಲ್ಕನೇ ತರಗತಿ ಶುರುವಾದಾಗ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ, ಕೊರೊನಾದಲ್ಲಿ ತಪ್ಪಿಹೋದ ಕಲಿಕೆ ತುಂಬಿಸುವ 'ಕಲಿಕಾ ಚೇತರಿಕೆ' ನಡೆಯುತ್ತಿತ್ತು. ಎಲ್ಲ ಮಕ್ಕಳೂ ಹಿಂದೆ ಬಿದ್ದಿದ್ದರು. ಹಿಂದೆ ಬಿದ್ದ ಮೂವತ್ತು ಮಕ್ಕಳಲ್ಲಿ ಬೇರೆ ಕಾರಣಕ್ಕೆ ಹಿಂದೆ ಬಿದ್ದ ಒಬ್ಬಳನ್ನು ಗುರುತಿಸುವುದು ಕಷ್ಟವಾಯಿತು. ಇದು ನನ್ನ ಸಮರ್ಥನೆ ಅಂತ ಬೇಕಾದರೆ ಅನ್ನಿ.

ಇನ್ನೊಂದು ಕಾರಣ ನಮ್ಮ ಊರಿನ ಮಾತು. ಇಲ್ಲಿ ಹಾಲು 'ಆಲು', ಹಳ್ಳಿ 'ಅಳ್ಳಿ', ಶಾಲೆ 'ಸಾಲೆ'. ಹ ಬಿಟ್ಟುಹೋಗುವುದು, ಶ ಹೋಗಿ ಸ ಆಗುವುದು ಎಲ್ಲ ಮಕ್ಕಳಲ್ಲೂ ಉಂಟು. ಪುಟ್ಟಿಯ ಮಾತು ಸ್ವಲ್ಪ ಮುದ್ದೆಯಾಗಿ ಬಂದರೂ ಊರಿನ ಮಾತು ಅಂತಲೇ ನನ್ನ ಕಿವಿ ಒಪ್ಪಿಕೊಂಡಿತ್ತು. ಊರಿನ ಮಾತಿನಲ್ಲಿ ಸ ಮಾತ್ರ ಎಲ್ಲೂ ಬಿಟ್ಟುಹೋಗುವುದಿಲ್ಲ. ಸೇರು ಯಾರ ಬಾಯಲ್ಲೂ ಏರು ಆಗುವುದಿಲ್ಲ. ಅದು ಹೊಳೆಯಲಿಲ್ಲ.

ಆರೋಗ್ಯ ತಪಾಸಣೆಗೂ ಬಂದಿದ್ದರು. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಹೆಸರು, ಊರು ಕೇಳಿದರು. ಪುಟ್ಟಿ ಎಲ್ಲದಕ್ಕೂ ಉತ್ತರ ಕೊಟ್ಟಳು. ಅಷ್ಟು ಹತ್ತಿರದಲ್ಲಿ, ಮುಖ ನೋಡಿಕೊಂಡು, ಗೊತ್ತಿರುವ ಪ್ರಶ್ನೆಗೆ ಯಾಕೆ ಕೊಡುವುದಿಲ್ಲ? ಹಿಂದಿನಿಂದ ಚಪ್ಪಾಳೆ ತಟ್ಟಿದರೂ ತಿರುಗುತ್ತಿದ್ದಳು. ಕಿವಿ ಸರಿ ಇದೆ ಅನ್ನಲು ಊರಿನಲ್ಲಿ ಇಷ್ಟು ಸಾಕು.

ಗೋಡೆಯ ಮೇಲಿನ ವರ್ಣಮಾಲೆ

ಸೆಪ್ಟೆಂಬರ್‌ನಲ್ಲಿ ಉಕ್ತಲೇಖನದ ಪುಸ್ತಕಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂತಿದ್ದೆ. ಯಾವ ಮಗು ಎಂಥ ತಪ್ಪು ಮಾಡುತ್ತದೆ ಎಂದು ಗುಂಪು ಮಾಡುವುದು ಉದ್ದೇಶ. ಸಾಮಾನ್ಯವಾಗಿ ಹಿಂದುಳಿದ ಮಕ್ಕಳ ತಪ್ಪು ಎಲ್ಲಿರುತ್ತದೆ ಎಂದು ಕನ್ನಡ ಕಲಿಸುವವರಿಗೆಲ್ಲ ಗೊತ್ತು. ಮೂಲ ಅಕ್ಷರ ಬರುತ್ತದೆ, ಗುಣಿತ ಕೈಕೊಡುತ್ತದೆ. ದೀರ್ಘ ಬಿಟ್ಟುಹೋಗುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ಗಾಳಿ 'ಗಳಿ' ಆಗುತ್ತದೆ, ಅಣ್ಣ 'ಅಣ' ಆಗುತ್ತದೆ.

ಪುಟ್ಟಿಯದು ಪೂರ್ತಿ ತಿರುಗುಮುರುಗು. ಗಾಳಿ ದಾಳಿಯಾಗಿದೆ, ಆದರೆ ದೀರ್ಘ ಇದ್ದಲ್ಲೇ ಇದೆ, ಗುಡಿಸೂ ಇದೆ. ಕಪ್ಪು ತಪ್ಪಾಗಿದೆ, ಆದರೆ ಪ ಒತ್ತು ಅಲ್ಲೇ ಇದೆ, ಕೊಂಬೂ ಇದೆ. ಗುಣಿತ ಎಲ್ಲ ಸರಿ. ತಪ್ಪಿರುವುದು ವ್ಯಂಜನ ಮಾತ್ರ. ಇಂಥ ಪುಸ್ತಕವನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಬರೆದದ್ದೆಲ್ಲ ಅರ್ಥವಿರುವ ಪದಗಳೇ. ಕಿವಿಗೆ ಬಿದ್ದದ್ದು ಅರ್ಧ, ಉಳಿದ ಅರ್ಧವನ್ನು ತನಗೆ ಗೊತ್ತಿರುವ ಪದಗಳಿಂದ ತುಂಬಿಸಿಕೊಂಡಿದ್ದಾಳೆ. ದಡ್ಡ ಮಗು ಮಾಡುವ ಕೆಲಸವಲ್ಲ ಅದು.

ಎದುರಿನ ಗೋಡೆಯ ಮೇಲೆ ವರ್ಣಮಾಲೆಯ ಪಟ ಇತ್ತು. ಕ ಖ ಗ ಘ ಙ ಒಂದು ಸಾಲು, ಅದರ ಕೆಳಗೆ ಚ ಸಾಲು, ಟ ಸಾಲು, ತ ಸಾಲು, ಪ ಸಾಲು. ಸುಮ್ನೆ ಅವಳ ತಪ್ಪುಗಳನ್ನು ಆ ಪಟದ ಮೇಲೆ ಬೆರಳಿಟ್ಟು ನೋಡಿದೆ. ಕ ಹೋಗಿ ತ. ಗ ಹೋಗಿ ದ. ಬ ಹೋಗಿ ದ. ಮ ಹೋಗಿ ನ. ಬೆರಳು ಪ್ರತಿ ಸಲವೂ ಮೇಲಿನಿಂದ ಕೆಳಕ್ಕೆ, ಇಲ್ಲ ಕೆಳಗಿನಿಂದ ಮೇಲಕ್ಕೆ ಓಡಾಡಿತು. ಒಂದೇ ಸಾಲಿನಲ್ಲಿ ಅಡ್ಡಕ್ಕೆ ಒಮ್ಮೆಯೂ ಹೋಗಲಿಲ್ಲ. ಕ ಬದಲು ಗ, ಪ ಬದಲು ಬ ಅವಳ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಸ ಬಂದಲ್ಲೆಲ್ಲ ಒಂದೋ ಖಾಲಿ, ಇಲ್ಲ ಹ.

ತಪ್ಪಿಗೆ ಇಷ್ಟು ಕ್ರಮ ಇದ್ದರೆ ಅದು ಸೋಮಾರಿತನ ಅಲ್ಲ ಅಂತ ಅವತ್ತು ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ. ಮಾರನೇ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಅದೇ ಹತ್ತು ಪದ ಹೇಳಿದೆ, ನನ್ನ ಮುಖ ನೋಡು ಎಂದು ಹೇಳಿ. ಎಂಟು ಸರಿ ಬರೆದಳು. ಆಮೇಲೆ ಬಾಯಿಗೆ ರಟ್ಟು ಅಡ್ಡ ಹಿಡಿದು, ಅದೇ ದನಿಯಲ್ಲಿ, ಪದಗಳ ಕ್ರಮ ಬದಲಿಸಿ ಹೇಳಿದೆ. ನಾಲ್ಕು ಸರಿ. ಸ ಇರುವುದು ಒಂದೂ ಇಲ್ಲ.

ಇದು ಪರೀಕ್ಷೆ ಏನಲ್ಲ. ಇದರಿಂದ ಯಾರೂ ಯಾವ ತೀರ್ಮಾನಕ್ಕೂ ಬರಬಾರದು. ಆದರೆ ಮಗುವನ್ನು ಕಿವಿ ಪರೀಕ್ಷೆಗೆ ಕಳಿಸಬೇಕೋ ಬೇಡವೋ ಎಂಬುದಕ್ಕೆ ಇಷ್ಟು ಸಾಕಾಯಿತು. ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿ ಮೇಡಂಗೆ ಫೋನ್ ಮಾಡಿದೆ. ತಾಲೂಕಿನ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ ಅವರು. ಪುಸ್ತಕದ ಫೋಟೋ ಕಳಿಸಿದೆ. "ಕಾಯಬೇಡಿ, ಮೈಸೂರಿಗೆ ಕರ್ಕೊಂಡ್ ಹೋಗಿ" ಎಂದರು.

ಮನೆಯಲ್ಲಿ ಒಪ್ಪಿಸುವುದು

ಇದು ಸುಲಭವಾಗಲಿಲ್ಲ. ಸೆಪ್ಟೆಂಬರ್ ಅಂದರೆ ನಮ್ಮ ಕಡೆ ಬ್ಯಾರನ್‌ನಲ್ಲಿ, ಅಂದರೆ ಹೊಗೆಸೊಪ್ಪು ಹದ ಮಾಡುವ ಮನೆಯಲ್ಲಿ, ಸೊಪ್ಪು ಬೇಯಿಸುವ ಕಾಲ. ರಾತ್ರಿಯಿಡೀ ಬೆಂಕಿ ನೋಡಬೇಕು, ಶಾಖ ಹೆಚ್ಚು ಕಡಿಮೆಯಾದರೆ ಇಡೀ ಬ್ಯಾರನ್ ಸೊಪ್ಪು ಹಾಳು. ಒಂದು ದಿನ ಬಿಟ್ಟು ಬನ್ನಿ ಅನ್ನುವುದು ನನಗೆ ಸುಲಭ.

ಅಜ್ಜಿಯ ಚಿಂತೆ ಬೇರೆ. "ಹೆಣ್ ಮಗ ಕಣವ್ವ. ಕಿವುಡಿ ಅಂತ ಹೆಸ್ರ್ ಬಿದ್ರೆ ನಾಳೆ ಯಾರ್ ಬತ್ತಾರೆ ಕೇಳ್ಕಂಡು?" ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಾನೂನು, ಹಕ್ಕು ಅಂತೆಲ್ಲ ಅಜ್ಜಿಯ ಮುಂದೆ ಹೇಳುವುದು ಸುಮ್ನೆ. ನಾನು ಹೇಳಿದ್ದು ಇಷ್ಟೇ: "ಅಜ್ಜಿ, ಕಣ್ಣು ಮಂಜಾದರೆ ಕನ್ನಡಕ ಹಾಕ್ತೀವಲ್ಲ. ಇದೂ ಹಾಗೇನಾ ಅಂತ ನೋಡ್ಕೊಂಡು ಬರೋಣ. ಏನೂ ಇಲ್ಲ ಅಂದ್ರೆ ನನ್ನ ಬೈಯ್ಯಿ." ಕನ್ನಡಕದ ಹೋಲಿಕೆ ಪೂರ್ತಿ ಸರಿಯಲ್ಲ, ಅದು ಆಮೇಲೆ ಗೊತ್ತಾಯಿತು. ಅವತ್ತಿನ ಮಟ್ಟಿಗೆ ಕೆಲಸ ಮಾಡಿತು.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಸಿಎಲ್ ಹಾಕಿ, ಪುಟ್ಟಿ ಮತ್ತು ಅವಳ ಅಮ್ಮನ ಜೊತೆ ಬಸ್ ಹತ್ತಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಮೈಸೂರಿನವರು 'ಆಯಿಷ್' ಅನ್ನುವ ಜಾಗಕ್ಕೆ. 1965ರಲ್ಲಿ ಶುರುವಾದ ಸಂಸ್ಥೆ, ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ನಮಗೆ ಒಂದು ಬಸ್ಸಿನಷ್ಟು ದೂರ. ಆದರೂ ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಕೀವು ಇಲ್ಲ, ಗುಗ್ಗೆ ಇಲ್ಲ. ಸದ್ದು ಒಳಗೆ ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನಾಚೆಯಿಂದ ನಾವು ನೋಡುತ್ತಿದ್ದೆವು. ಗುಂಡಿ ಒತ್ತದೆ ಅವಳು ಸುಮ್ಮನೆ ಕೂತ ಹೊತ್ತು ಜಾಸ್ತಿಯಾಗುತ್ತಾ ಹೋದಂತೆ ಅಮ್ಮ ಸೆರಗು ಬಾಯಿಗೆ ಹಿಡಿದರು.

ಎರಡೂ ಕಿವಿಯಲ್ಲಿ ಹೆಚ್ಚು ಕಡಿಮೆ ಒಂದೇ ತೆರನ ನಷ್ಟ. ಡೊಳ್ಳಿನಂಥ ದಪ್ಪ ಸದ್ದು ಸುಮಾರಾಗಿ ಕೇಳುತ್ತದೆ. ಸ್ವರ ಮೇಲಕ್ಕೆ ಹೋದಷ್ಟೂ ಕೇಳುವುದು ಕಡಿಮೆ. 500 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 1000ದಲ್ಲಿ 40, 2000ದಲ್ಲಿ 55, 4000ದಲ್ಲಿ 65. ಸದ್ದು ಇಷ್ಟು ಜೋರಾದರೆ ಮಾತ್ರ ಅವಳಿಗೆ ಗೊತ್ತಾಗುತ್ತದೆ ಎಂದು ಅರ್ಥ. ಒಂದು ಮೀಟರ್ ದೂರದಲ್ಲಿ ಕೂತು ನಾವು ಆಡುವ ಮಾತು ಸುಮಾರು 60 ಡೆಸಿಬೆಲ್. ಒಳಕಿವಿಯ ತೊಂದರೆ, ಔಷಧದಿಂದ ಹೋಗುವಂಥದ್ದಲ್ಲ. ಹುಟ್ಟಿದಾಗ ಕಾಮಾಲೆ ಜಾಸ್ತಿಯಾಗಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಅದರಿಂದಲೂ ಇರಬಹುದು ಎಂದರು, ಅದರಿಂದಲೇ ಅನ್ನಲಿಲ್ಲ.

ನಾನು ಚೀಲದಿಂದ ಉಕ್ತಲೇಖನದ ಪುಸ್ತಕ ತೆಗೆದು ವರ್ಣಮಾಲೆಯ ವಿಷಯ ಹೇಳಿದೆ. ಪರೀಕ್ಷೆ ಮಾಡಿದ ಹುಡುಗಿ ಪುಟ ತಿರುಗಿಸಿ ನೋಡಿ ನಕ್ಕಳು. ಅವಳು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕ, ಗ, ಙ ಇವುಗಳ ನಡುವಿನ ವ್ಯತ್ಯಾಸ ಗಂಟಲಿನ ಗುಂಯ್ ದನಿ, ಮೂಗಿನ ದನಿ. ಅವು ದಪ್ಪ ಸದ್ದು, ಪುಟ್ಟಿಗೆ ಕೇಳುತ್ತವೆ. ಅದಕ್ಕೇ ಸಾಲಿನಲ್ಲಿ ಅಡ್ಡಕ್ಕೆ ತಪ್ಪುವುದಿಲ್ಲ. ಕ, ತ, ಪ ಇವುಗಳ ನಡುವಿನ ವ್ಯತ್ಯಾಸ ನಾಲಿಗೆ ಎಲ್ಲಿ ತಾಗಿತು, ತುಟಿ ಸೇರಿತಾ ಎಂಬುದು. ಅದನ್ನು ಕಿವಿಗೆ ತಿಳಿಸುವ ಸದ್ದು ಸಣ್ಣ, ಮೇಲಿನ ಸ್ವರದ್ದು. ಅದು ಅವಳಿಗೆ ಸಿಗುವುದಿಲ್ಲ. ಸ ಅಂತೂ ಎಲ್ಲದಕ್ಕಿಂತ ಮೇಲಿನದು, 4000 ಹರ್ಟ್ಸ್‌ನ ಆಚೆಗೂ ಹಬ್ಬಿರುತ್ತದೆ. ಅ, ಆ, ಇ, ಈಯಂಥ ಸ್ವರಾಕ್ಷರಗಳು ಜೋರು, ಹಾಗಾಗಿ ಗುಣಿತ ಸರಿ.

ಆಮೇಲಿನ ಮಾತು ನನಗೆ ಮುಖ್ಯವಾಯಿತು. ಕಿವಿಗೆ ಸಿಗದ ಆ ವ್ಯತ್ಯಾಸದಲ್ಲಿ ಬಹುಪಾಲು ಮುಖದ ಮೇಲೆ ಕಾಣುತ್ತದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಸೇರುತ್ತದೆ, ಬರೀ ತುಟಿ ನೋಡಿದರೆ ಮೂರೂ ಒಂದೇ. ಆದರೆ ಆ ಮೂರನ್ನು ಬೇರೆ ಮಾಡುವುದು ಅವಳ ಕಿವಿಗೆ ಬರುತ್ತದೆ. ಪ ಯಾವುದು, ತ ಯಾವುದು ಎಂದು ತುಟಿ ಹೇಳುತ್ತದೆ. ಕಿವಿ ಅರ್ಧ, ಕಣ್ಣು ಅರ್ಧ. ನಾನು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗಲೆಲ್ಲ ಅವಳ ಅರ್ಧ ಪಾಠ ಹೋಗುತ್ತಿತ್ತು. ಉಕ್ತಲೇಖನದ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿ ಬರೆಯುತ್ತಿರುತ್ತಿದ್ದಳು. ಪುಸ್ತಕದಲ್ಲಿ ತಪ್ಪು ಬೀಳುತ್ತಿದ್ದದ್ದು ಅಲ್ಲೇ.

ಪಟ್ಟಿಗೆ ಸೇರದ ಮಗು

ವಾಪಸ್ ಬಂದು ಮುಖ್ಯೋಪಾಧ್ಯಾಯರಿಗೆ ವರದಿ ತೋರಿಸಿದೆ. ಅವರ ಮೊದಲ ಪ್ರಶ್ನೆ: "ಸ್ಯಾಟ್ಸ್‌ನಲ್ಲಿ ಏನಂತ ಹಾಕೋದು?"

ಸ್ಯಾಟ್ಸ್ ಅಂದರೆ ಪ್ರತಿ ಮಗುವಿನ ವಿವರ ದಾಖಲಾಗುವ ಶಿಕ್ಷಣ ಇಲಾಖೆಯ ತಂತ್ರಾಂಶ. ನ್ಯಾಯವಾದ ಪ್ರಶ್ನೆಯೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಶ್ರವಣದೋಷ ಅಂದರೆ ಎರಡೂ ಕಿವಿಯಲ್ಲಿ ಮಾತಿನ ಸದ್ದಿನ ಮಟ್ಟದಲ್ಲಿ 60ರಿಂದ 70 ಡೆಸಿಬೆಲ್ ನಷ್ಟ. 70 ಆದರೆ ಕಿವುಡು. ಪುಟ್ಟಿಯ ನಾಲ್ಕು ಅಂಕಿಗಳ ಸರಾಸರಿ 47.5. ಸವಲತ್ತು ಸಿಗುವ ಪ್ರಮಾಣಪತ್ರಕ್ಕೆ ಬೇಕಾದ ಶೇಕಡಾ 40 ಆಗುವುದಿಲ್ಲ. ಅದನ್ನು ತೋರಿಸಿ ಪಡೆಯುವ ಉಚಿತ ಶ್ರವಣಯಂತ್ರವೂ ಇಲ್ಲ.

ಪೂರ್ತಿ ಕೇಳಿಸದಿದ್ದರೆ ಸರ್ಕಾರದ ಪಟ್ಟಿಯಲ್ಲಿ ಇರುತ್ತಿದ್ದಳು. ಪೂರ್ತಿ ಕೇಳಿಸಿದ್ದರೆ ಪಟ್ಟಿಯೇ ಬೇಕಿರಲಿಲ್ಲ. ನಡುವೆ ಇರುವ ಇಂಥ ಮಕ್ಕಳೇ ತರಗತಿಯಲ್ಲಿ ಜಾಸ್ತಿ ಕಳೆದುಹೋಗುತ್ತಾರೆ ಎಂದು ನನ್ನ ಅನಿಸಿಕೆ. ಬಿಐಇಆರ್‌ಟಿ ಮೇಡಂ ಹೇಳಿದ್ದು ಬೇರೆ: "ಸವಲತ್ತಿಗೆ ಪ್ರಮಾಣಪತ್ರ ಬೇಕು. ನೀವು ಅವಳ ಕಡೆ ತಿರುಗಿ ಮಾತಾಡೋಕೆ ಯಾವ ಪ್ರಮಾಣಪತ್ರ ಬೇಕು ಮೇಡಂ?" ಆಮೇಲೆ ನಾವು ಸ್ಯಾಟ್ಸ್ ವಿಷಯ ಮಾತಾಡಲಿಲ್ಲ.

ಯಂತ್ರ ಕೊಳ್ಳುವುದು ಹೊಗೆಸೊಪ್ಪಿನ ಹರಾಜಿನ ದುಡ್ಡು ಬರುವವರೆಗೆ ಆಗುವ ಹಾಗಿರಲಿಲ್ಲ. ಅಂದರೆ ಎರಡು ತಿಂಗಳು. ಆ ಎರಡು ತಿಂಗಳು ನಮ್ಮ ಕೈಯಲ್ಲಿದ್ದದ್ದು ಕೋಣೆ, ಬೆಂಚು ಮತ್ತು ನನ್ನ ಮುಖ.

ಕೋಣೆ

ನಮ್ಮ ನಾಲ್ಕನೇ ತರಗತಿ ಶೀಟಿನ ಮನೆಯಲ್ಲಿತ್ತು. ಮಳೆ ಬಂದರೆ ನನಗೇ ನನ್ನ ಮಾತು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಬಿಸಿಯೂಟದ ಅಡುಗೆ ಕೋಣೆ, ಹನ್ನೊಂದು ಗಂಟೆಯಿಂದ ಕುಕ್ಕರಿನ ಸೀಟಿ, ಪಾತ್ರೆಯ ಸದ್ದು. ಏಳನೇ ತರಗತಿ ಇದ್ದದ್ದು ಆರ್‌ಸಿಸಿ ಕೋಣೆಯಲ್ಲಿ, ಆಚೆ ತುದಿಗೆ. ಅದಲು ಬದಲು ಮಾಡಿಕೊಳ್ಳೋಣ ಎಂದು ಕೇಳಿದೆ. ಏಳನೇ ತರಗತಿಯ ಸರ್ ಒಪ್ಪಲಿಲ್ಲ. "ಒಬ್ಬಳಿಗೋಸ್ಕರ ನಲವತ್ತು ಮಕ್ಕಳನ್ನ ಎಬ್ಬಿಸ್ತೀರಾ?" ಅವರ ಕಡೆಯಿಂದ ನೋಡಿದರೆ ಅದೂ ಸರಿ. ಕೊನೆಗೆ ಅರ್ಧ ಒಪ್ಪಂದ ಆಯಿತು. ಊಟದ ಮುಂಚಿನ ಎರಡು ಪೀರಿಯಡ್ ನಾವು ಅಲ್ಲಿ, ಅವರು ಆಟಕ್ಕೋ ಪ್ರಯೋಗಕ್ಕೋ ಹೊರಗೆ. ಮಳೆ ಬಂದ ದಿನ ಎರಡೂ ತರಗತಿ ಒಂದೇ ಕೋಣೆಯಲ್ಲಿ, ಗದ್ದಲವೋ ಗದ್ದಲ. ಪೂರ್ತಿ ಪರಿಹಾರ ಆಗಲಿಲ್ಲ.

ಎಲ್ಲಿ ಕೂರಿಸುವುದು ಎಂಬುದರಲ್ಲೂ ನಾನು ಮೊದಲು ಎಡವಿದೆ. ಎಲ್ಲರೂ ಮಾಡುವಂತೆ ಮೊದಲ ಬೆಂಚಿನ ನಡುವೆ ಕೂರಿಸಿದೆ. ನನ್ನ ಮಾತು ಸಿಕ್ಕಿತು, ಉಳಿದ ಮಕ್ಕಳ ಮಾತು ಹೋಯಿತು. ಹಿಂದಿನಿಂದ ಯಾರೋ ಉತ್ತರ ಹೇಳಿದರೆ ಅವಳಿಗೆ ಯಾರು ಹೇಳಿದರು, ಏನು ಹೇಳಿದರು ಎರಡೂ ಗೊತ್ತಾಗುತ್ತಿರಲಿಲ್ಲ. ಎರಡನೇ ಬೆಂಚಿನ ಗೋಡೆ ಪಕ್ಕದ ತುದಿಗೆ ಬದಲಿಸಿದೆ. ಸ್ವಲ್ಪ ತಿರುಗಿದರೆ ಇಡೀ ತರಗತಿಯ ಮುಖ ಕಾಣುತ್ತದೆ. ದೂರ ಎರಡರಷ್ಟಾದರೆ ಸದ್ದು ಬಯಲಿನಲ್ಲಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಇಳಿಯದಿದ್ದರೂ ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಸೇರಿ ಮಾತು ಕಲಸಿಹೋಗುತ್ತದೆ. ಹಾಗಾಗಿ ನಾನು ಮಾತಾಡುವ ಜಾಗವನ್ನೂ ಅವಳ ಬೆಂಚಿನ ಹತ್ತಿರಕ್ಕೆ ತಂದೆ. ಮೇಜನ್ನು ಕಿಟಕಿಯ ಮುಂದಿನಿಂದ ಈಚೆಗೆ ಎಳೆದೆ. ಕಿಟಕಿ ಬೆನ್ನಿಗಿದ್ದರೆ ನಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ.

ಬರೆಯುತ್ತಾ ಮಾತಾಡುವ ಅಭ್ಯಾಸ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಹದಿನಾಲ್ಕು ವರ್ಷದ ಅಭ್ಯಾಸ. ಬರೆಯುವಾಗ ಬಾಯಿ ಮುಚ್ಚು, ತಿರುಗು, ಆಮೇಲೆ ಮಾತಾಡು ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು. ಜೋರಾಗಿ ಕೂಗುವುದನ್ನೂ ಬಿಟ್ಟೆ. ಕೂಗಿದರೆ ಸ್ವರಾಕ್ಷರಗಳು ದೊಡ್ಡದಾಗುತ್ತವೆ, ಅವು ಅವಳಿಗೆ ಮೊದಲೇ ಕೇಳುತ್ತಿದ್ದವು. ವ್ಯಂಜನ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬಾಯಿಯ ಆಕಾರವೂ ಕೆಡುತ್ತದೆ.

ಗೊತ್ತಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಮಾತು ಬದಲಿಸಿ ಹೇಳುವುದು, ಬೇರೆ ಮಕ್ಕಳ ಉತ್ತರವನ್ನು ನಾನು ಇನ್ನೊಮ್ಮೆ ಹೇಳುವುದು, ಪಾಠದ ಹೊಸ ಪದಗಳನ್ನು ಮೊದಲೇ ಬೋರ್ಡಿನ ಒಂದು ಪಕ್ಕ ಬರೆದಿಡುವುದು. ಇವೆಲ್ಲ ಆಯಿತು. ಉಳಿದ ಮಕ್ಕಳಿಗೂ ಇದು ಬೇಕಾಗಿತ್ತು ಎಂದು ಬೇಗ ಗೊತ್ತಾಯಿತು.

ಗಣಿತದಲ್ಲಿ ಒಂದು ವಿಷಯ ಹೇಳಲೇಬೇಕು. ಬಾಯಿಲೆಕ್ಕದಲ್ಲಿ ಅವಳು ಕೂಡುವಲ್ಲಿ ಕಳೆಯುತ್ತಿದ್ದಳು, ಕಳೆಯುವಲ್ಲಿ ಕೂಡುತ್ತಿದ್ದಳು. ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. "ರಾಜು ಸೀತಾಳಿಗೆ ಒಂಬತ್ತು ಮಾವು ಕೊಟ್ಟ", "ರಾಜು ಸೀತಾಳಿಂದ ಒಂಬತ್ತು ಮಾವು ತಗೊಂಡ". ಕನ್ನಡದಲ್ಲಿ ಯಾರು ಯಾರಿಗೆ ಎಂಬುದೆಲ್ಲ ಪದದ ಬಾಲದಲ್ಲಿ ಇರುತ್ತದೆ. ನಾವು ಮಾತಾಡುವಾಗ ಬಾಲಕ್ಕೆ ಬರುವ ಹೊತ್ತಿಗೆ ದನಿ ಇಳಿದಿರುತ್ತದೆ. 'ಗೆ', 'ಇಂದ' ಗಾಳಿಗೆ ಹೋಗುತ್ತವೆ. ಕಲಿಕಾ ಚೇತರಿಕೆಯ ಹಾಳೆಯಲ್ಲಿ ಅದೇ ಲೆಕ್ಕ ಅಚ್ಚಾಗಿ ಕೊಟ್ಟರೆ ಸರಸರ ಮಾಡುತ್ತಿದ್ದಳು. ಇಂಗ್ಲಿಷ್‌ನಲ್ಲಿ ಬುಕ್, ಬುಕ್ಸ್ ಎರಡೂ ಅವಳಿಗೆ ಒಂದೇ. ಕೊನೆಯ ಸ್ ಕೇಳಿದ್ದರೆ ತಾನೆ?

ಯಂತ್ರ

ಡಿಸೆಂಬರ್ ಕೊನೆಗೆ ಸೊಪ್ಪಿನ ದುಡ್ಡು ಬಂತು. ಅಪ್ಪ ಎರಡು ಕಿವಿಗೂ ಕಿವಿಯ ಹಿಂದೆ ಹಾಕುವ ಯಂತ್ರ ಕೊಡಿಸಿದರು. ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಜೊತೆಗೆ.

ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಅವಳು ಯಂತ್ರ ಹಾಕಿಕೊಂಡು ಬಂದ ಮೊದಲ ದಿನ ಅವಳನ್ನು ಮುಂದೆ ನಿಲ್ಲಿಸಿ ತರಗತಿಗೆಲ್ಲ ತೋರಿಸಿದೆ. ಚಪ್ಪಾಳೆಯನ್ನೂ ತಟ್ಟಿಸಿದೆ. ಮನಸ್ಸು ಒಳ್ಳೆಯದೇ. ಆದರೆ ಚಪ್ಪಾಳೆ ಶುರುವಾದ ಕೂಡಲೇ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಒಂಬತ್ತು ವರ್ಷ ಕೇಳದ ಸದ್ದು ಒಮ್ಮೆಗೇ ಬಂದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮೇಲಿಂದ ಹುಡುಗರು ಯಂತ್ರದ ಕುಯ್ಯ್ ಸದ್ದನ್ನು ಅಣಕಿಸಿದರು. ಮಾರನೇ ದಿನದಿಂದ ಯಂತ್ರ ಚೀಲದಲ್ಲಿ. ಎರಡು ವಾರ ಹಾಕಲಿಲ್ಲ.

ಆಯಿಷ್‌ಗೆ ಫೋನ್ ಮಾಡಿ ಕೇಳಿದೆ. ಮನೆಯಲ್ಲಿ ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ, ಸದ್ದು ಕಡಿಮೆ ಇರುವ ಜಾಗದಲ್ಲಿ, ಆಮೇಲೆ ಶಾಲೆ ಎಂದರು. ಹಾಗೆ ಮಾಡಿದೆವು. ತರಗತಿಯಲ್ಲಿ ನಾನು ಪುಟ್ಟಿಯ ಹೆಸರೆತ್ತದೆ ಬೇರೆ ಆಟ ಆಡಿಸಿದೆ. ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಂಡು ಬೆರಳಿನಿಂದ ಒತ್ತಿ ಹಿಡಿಯುವುದು, ನಾನು ಬೋರ್ಡಿನ ಕಡೆ ತಿರುಗಿ ಮೆಲ್ಲಗೆ ಹತ್ತು ಪದ ಹೇಳುವುದು, ಕೇಳಿದ್ದನ್ನು ಆಮೇಲೆ ಬರೆಯುವುದು. ಒಬ್ಬ 'ಸೊಪ್ಪು' ಬದಲು 'ಒಪ್ಪು' ಬರೆದ. ಇನ್ನೊಬ್ಬ ಎದ್ದು "ಮಿಸ್, ನೀವು ಆ ಕಡೆ ತಿರುಗಿದ್ರೆ ಹೆಂಗೆ ಗೊತ್ತಾಯ್ತದೆ?" ಎಂದು ಜಗಳಕ್ಕೇ ಬಂದ. ಅಣಕ ಪೂರ್ತಿ ನಿಂತಿತು ಅನ್ನಲಾರೆ, ಕಡಿಮೆಯಾಯಿತು. ಪುಟ್ಟಿ ಜನವರಿ ಮಧ್ಯದಿಂದ ಯಂತ್ರ ಹಾಕಿಕೊಂಡು ಬರತೊಡಗಿದಳು.

ಯಂತ್ರ ಬಂದರೆ ಕೆಲಸ ಮುಗಿಯಿತು ಎಂಬ ಭಾವನೆ ನನಗೂ ಇತ್ತು. ಕನ್ನಡಕದ ಹೋಲಿಕೆ ಇಲ್ಲೇ ಕೈಕೊಡುವುದು. ಕನ್ನಡಕಕ್ಕೆ ಸೆಲ್ ಬೇಕಿಲ್ಲ. ಇದರ ಗುಂಡಿ ಸೆಲ್ಲಿನ ಮೇಲೆ ಕಿತ್ತಳೆ ಬಣ್ಣದ ಸ್ಟಿಕರ್ ಇರುತ್ತದೆ. ಅದನ್ನು ಕಿತ್ತ ಕೂಡಲೇ ಗಾಳಿ ಸೇರಿ ಸೆಲ್ ಶುರುವಾಗುತ್ತದೆ, ಹಾಕಿದರೂ ಬಿಟ್ಟರೂ ಖರ್ಚಾಗುತ್ತಲೇ ಇರುತ್ತದೆ. ಅವಳಿಗೆ ಒಂದು ಸೆಲ್ ಹತ್ತು ಹನ್ನೆರಡು ದಿನ ಬರುತ್ತಿತ್ತು. ಒಂದು ಭಾನುವಾರ ತಮ್ಮ ಇಡೀ ಪ್ಯಾಕಿನ ಸ್ಟಿಕರ್‌ಗಳನ್ನು ಕಿತ್ತು ಗೋಡೆಗೆ ಅಂಟಿಸಿ ಚಿತ್ತಾರ ಮಾಡಿದ. ಆ ತಿಂಗಳ ಸೆಲ್ಲೆಲ್ಲ ಗೋವಿಂದ. ಅಂದಿನಿಂದ ನನ್ನ ಬೀರುವಿನಲ್ಲಿ ಒಂದು ಪ್ಯಾಕ್ ಇಟ್ಟುಕೊಂಡೆ. ಬೆವರಿಗೆ, ತೇವಕ್ಕೆ ಯಂತ್ರ ಕೆಡುತ್ತದೆ ಎಂದು ರಾತ್ರಿ ಇಡಲು ಮುಚ್ಚಳದ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ. ಅಜ್ಜಿ ಅದನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಕಿವುಡಿ ಅಂತ ಹೆಸರು ಬೀಳುತ್ತದೆ ಅಂದಿದ್ದ ಅದೇ ಅಜ್ಜಿ.

ಪ್ರತಿದಿನ ಪ್ರಾರ್ಥನೆಗೆ ಮುಂಚೆ ಒಂದು ನಿಮಿಷದ ಕೆಲಸ ಇತ್ತು. ಲಿಂಗ್ ಅವರ ಆರು ಸದ್ದಿನ ಪರೀಕ್ಷೆ ಅನ್ನುತ್ತಾರೆ. ಬಾಯಿಗೆ ರಟ್ಟು ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎನ್ನಬೇಕು. ಮಗು ಕೇಳಿದ್ದನ್ನು ವಾಪಸ್ ಹೇಳಬೇಕು. ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಮಾತಿನ ಹರವೆಲ್ಲ ಈ ಆರರಲ್ಲಿ ಇದೆ. ಆರೂ ಬಂದರೆ ಯಂತ್ರ ಸರಿ ಇದೆ. ಸ್ ಬರದಿದ್ದರೆ ಸೆಲ್ ಇಳಿದಿದೆಯೋ, ಮೋಲ್ಡ್ ಒಳಗೆ ಗುಗ್ಗೆ ಕಟ್ಟಿದೆಯೋ ನೋಡಬೇಕು. ಫೆಬ್ರವರಿಯ ಹೊತ್ತಿಗೆ ಇದನ್ನು ಅವಳ ಪಕ್ಕದ ಹುಡುಗಿಯೇ ಮಾಡುತ್ತಿದ್ದಳು, ನನಗಿಂತ ಶಿಸ್ತಾಗಿ.

ವರ್ಷದ ಕೊನೆಗೆ ಉಳಿದದ್ದು

ಮಾರ್ಚ್‌ನಲ್ಲಿ ಪುಟ್ಟಿ ತರಗತಿಯ ಮಟ್ಟಕ್ಕೆ ಬಂದಿರಲಿಲ್ಲ. ಓದುವುದು ನಿಧಾನ. ಪರಿಸರ ಅಧ್ಯಯನದಲ್ಲಿ ಕೇಳಿಸಿಕೊಳ್ಳದೆ ಕಳೆದುಹೋದ ಪದಗಳು ತುಂಬಾ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಈಗಲೂ ಸೋತು ಸುಮ್ಮನಾಗುತ್ತಾಳೆ. ಆಟದಲ್ಲಿ ಯಂತ್ರ ತೆಗೆದಿಡುತ್ತಾಳೆ, ಜಾತ್ರೆಗೆ ಹಾಕಿಕೊಂಡು ಹೋಗುವುದಿಲ್ಲ. ನಾನು ಬಲವಂತ ಮಾಡಲಿಲ್ಲ. "ಮಿಸ್, ಈ ಕಡೆ" ಎಂದು ಕೈ ತೋರಿಸಲು ಮಾತ್ರ ಕಲಿತಿದ್ದಾಳೆ. ನನ್ನ ತರಗತಿಯಲ್ಲಿ ಹೇಳುತ್ತಾಳೆ, ಬೇರೆಯವರ ತರಗತಿಯಲ್ಲಿ ಇನ್ನೂ ಇಲ್ಲ.

ಐದನೇ ತರಗತಿಯ ಸರ್‌ಗೆ ಒಂದು ಹಾಳೆ ಬರೆದುಕೊಟ್ಟೆ. ಎರಡನೇ ಬೆಂಚು, ಗೋಡೆ ಪಕ್ಕ. ಬೆನ್ನಿಗೆ ಕಿಟಕಿ ಬೇಡ. ಉಕ್ತಲೇಖನವನ್ನು ಬಿಡಿ ಪದದಲ್ಲಿ ಬೇಡ, ವಾಕ್ಯದಲ್ಲಿ ಕೊಡಿ. ಅವಳು ತಲೆ ಎತ್ತುವವರೆಗೆ ಮುಂದಿನದು ಹೇಳಬೇಡಿ. ಸೆಲ್ ಬೀರುವಿನ ಮೇಲಿನ ಅರೆಯಲ್ಲಿ. ಕುಯ್ಯ್ ಅಂತ ಸದ್ದು ಬರತೊಡಗಿದರೆ ಕಿವಿ ಬೆಳೆದಿದೆ, ಮೋಲ್ಡ್ ಸಡಿಲವಾಗಿದೆ ಎಂದು ಅರ್ಥ. ಹೊಸದು ಮಾಡಿಸಲು ಮನೆಯವರಿಗೆ ಹೇಳಿ, ಆದರೆ ಸೊಪ್ಪು ಬೇಯಿಸುವ ತಿಂಗಳಿಗೆ ಮುಂಚೆಯೇ ಹೇಳಿ.

ವರ್ಷದ ಕೊನೆಯ ಉಕ್ತಲೇಖನದಲ್ಲಿ ಅವಳಿಗೆ ಹತ್ತಕ್ಕೆ ಆರು ಬಂತು. ನಾಲ್ಕು ತಪ್ಪಿನಲ್ಲಿ ಒಂದು ಹಳೆಯದು, ಗೋಡೆ ಹೋಗಿ 'ಬೋಡೆ'. ಉಳಿದ ಮೂರು ಅವಳು ಹಿಂದೆ ಯಾವತ್ತೂ ಮಾಡದ ತಪ್ಪುಗಳು, ಒತ್ತಕ್ಷರದ ಪದಗಳಲ್ಲಿ. ಸಂಕ್ರಾಂತಿಯಲ್ಲಿ ರ ಒತ್ತು ಇಲ್ಲ. ಪುಸ್ತಕ 'ಪುಸುತಕ' ಆಗಿತ್ತು. ಸೂರ್ಯ ಬರೆಯುವಲ್ಲಿ 'ಸೂರಿಯ' ಎಂದು ಬರೆದಿದ್ದಳು, ಸ ಮೊದಲಲ್ಲೇ ಗಟ್ಟಿಯಾಗಿ ಕೂತಿತ್ತು. ಅವಳ ಹಿಂದಿನ ಬೆಂಚಿನ ಮೂವರೂ 'ಸೂರಿಯ' ಎಂದೇ ಬರೆದಿದ್ದರು. ಮಾರನೇ ದಿನ ಬೋರ್ಡಿನ ಮೇಲೆ ಅರ್ಕಾವೊತ್ತು ಬರೆದು, ಬಾಯಿ ಮುಚ್ಚಿಕೊಂಡು ಬರೆದು, ತಿರುಗಿ ನಾಲ್ವರಿಗೂ ಒಟ್ಟಿಗೆ ಹೇಳಿಕೊಟ್ಟೆ.